ಚಟವೋ, ರೋಗವೋ? ನನ್ನ ಹಳೆಯ ಭಾಷಣಕ್ಕೊಂದು ತಿದ್ದುಪಡಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಫೋನ್ ಮಾಡಿ, "ನೀವು ಸಾಫ್ಟ್‌ವೇರ್ ಎಂಜಿನಿಯರ್ ಇದ್ದೀರಿ, ಕಂಪ್ಯೂಟರ್ ಬಗ್ಗೆ, ನೌಕರಿ ಬಗ್ಗೆ ಹುಡುಗರಿಗೆ ನಾಲ್ಕು ಮಾತು ಹೇಳ್ರಿ" ಅಂದಿದ್ದರು. ಆ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇವತ್ತು ಈ ಪೆಂಡಾಲಿನಲ್ಲಿ ಬಹಳ ಜನ ಇದ್ದಾರೆ. ನನಗೆ ಈ ವೇದಿಕೆಯ ಮೇಲೆ ಒಂದು ಹಳೆಯ ಬಾಕಿ ಇದೆ. ಅದನ್ನು ತೀರಿಸಲು ಅವಕಾಶ ಕೊಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು.

2002ರ ಅಕ್ಟೋಬರ್. ನಾನು ಒಂಬತ್ತನೆಯ ತರಗತಿ. ಗಾಂಧಿ ಜಯಂತಿಯ ಅಂಗವಾಗಿ ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ, "ಕುಡಿತಕ್ಕೆ ಕುಡಿಯುವವನೇ ಹೊಣೆ." ನಾನು ಪರವಾಗಿ ಮಾತಾಡಿದೆ. ಆ ಭಾಷಣವನ್ನು ಯಾವ ಸರ್ ಕೂಡ ಬರೆದುಕೊಟ್ಟಿರಲಿಲ್ಲ, ನಾನೇ ಬರೆದಿದ್ದೆ. "ಯಾರೂ ಯಾರ ಬಾಯಿಗೂ ಸಾರಾಯಿ ಸುರಿಯುವುದಿಲ್ಲ. ಕೈ ಅವನದು, ಬಾಯಿ ಅವನದು. ಮನಸ್ಸು ಮಾಡಿದರೆ ಇವತ್ತೇ ಬಿಡಬಹುದು. ಬಿಡಲಿಲ್ಲ ಅಂದರೆ ಅವನಿಗೆ ಮನಸ್ಸಿಲ್ಲ ಎಂದೇ ಅರ್ಥ." ಈ ಮಾತಿಗೆ ಬಹಳ ಚಪ್ಪಾಳೆ ಬಿತ್ತು. ಮೊದಲ ಬಹುಮಾನವೂ ಬಂತು. ಆಗ ಕೊಟ್ಟ ಸ್ಟೀಲ್ ಡಬ್ಬಿ ಇವತ್ತಿಗೂ ನಮ್ಮ ಮನೆಯಲ್ಲಿದೆ.

ಆವತ್ತು ಸ್ಪೀಕರನ್ನು ಊರ ಕಡೆ ಮುಖಮಾಡಿ ಕಟ್ಟಿದ್ದರು. ನಮ್ಮ ಮನೆ ಶಾಲೆಯ ಹಿಂದಿನ ಓಣಿಯಲ್ಲೇ. ಮಗ್ಗದ ಮೇಲೆ ಕೂತಿದ್ದ ನನ್ನ ಸಣ್ಣ ಕಾಕಾ ಅಷ್ಟೂ ಭಾಷಣವನ್ನು ಕೇಳಿಸಿಕೊಂಡಿದ್ದರು. ಸಂಜೆ ನಾನು ಡಬ್ಬಿ ಹಿಡಿದುಕೊಂಡು ಮನೆಗೆ ಹೋದಾಗ ನನ್ನ ತಲೆ ಸವರಿ, "ಚಲೋ ಮಾತಾಡಿದಿ ತಮ್ಮಾ" ಅಂದರು. ಬೇರೇನೂ ಅನ್ನಲಿಲ್ಲ. ಆ ಭಾಷಣ ನಾನು ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಿರಿಯರಿಗೆ ಅವರ ನೆನಪು ಇರಬಹುದು. ಸೀರೆ ನೇಯುವುದರಲ್ಲಿ ಅವರ ಕೈ ಬಹಳ ಶುದ್ಧ ಎಂದು ಸಾವುಕಾರರೇ ಹೇಳುತ್ತಿದ್ದರು. ಆದರೆ ಬೆಳಿಗ್ಗೆ ಎದ್ದಾಗ ಅದೇ ಕೈ ನಡುಗುತ್ತಿತ್ತು. ಹರಿದ ಎಳೆಯನ್ನು ಜೋಡಿಸಲು ಆಗುತ್ತಿರಲಿಲ್ಲ. ಎರಡು ಗುಟುಕು ಒಳಗೆ ಹೋದ ಮೇಲೆ ನಡುಕ ನಿಲ್ಲುತ್ತಿತ್ತು, ಮಗ್ಗ ಶುರುವಾಗುತ್ತಿತ್ತು. ಊರವರು "ಬೆಳಗ್ಗೆನೇ ಮಜಾ ಮಾಡ್ತಾನ" ಅನ್ನುತ್ತಿದ್ದರು. ಕಾಕಾ ಮಜಾಕ್ಕೆ ಕುಡಿಯುವುದು ನಿಂತು ಎಷ್ಟೋ ವರ್ಷ ಆಗಿತ್ತು. ಕೈ ನಿಲ್ಲಲಿ ಎಂದು ಕುಡಿಯುತ್ತಿದ್ದರು. ಇದು ಆಗ ನಮಗೆ ಯಾರಿಗೂ ತಿಳಿಯಲಿಲ್ಲ.

2007ರ ಜುಲೈ 1ರಿಂದ ಸರ್ಕಾರ ರಾಜ್ಯದಲ್ಲಿ ಸಾರಾಯಿ ಬಂದ್ ಮಾಡಿತು. ನಮ್ಮ ಅವ್ವ, ಕಾಕಿ ಎಲ್ಲರೂ ದೇವರಿಗೆ ಕಾಯಿ ಒಡೆಸಿದರು. ಸಾರಾಯಿ ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿ ಬಂತು. ಖರ್ಚು ಹೆಚ್ಚಾಯಿತು, ಕುಡಿತ ಹಾಗೇ ಉಳಿಯಿತು.

2009ರಲ್ಲಿ ನಾನು ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಕಾಲಿಡುವವನಿದ್ದೆ. ರಜೆಗೆ ಊರಿಗೆ ಬಂದಿದ್ದೆ. ಶ್ರಾವಣ ಹಿಡಿಯುವ ದಿನ ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಗುಡಿಗೆ ಹೋಗಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಬಂದರು. ಶ್ರಾವಣದಲ್ಲಿ ತಿಂಗಳ ಮಟ್ಟಿಗೆ ಬಿಡುವವರು ನಮ್ಮೂರಲ್ಲಿ ಬಹಳ. ಕಾಕಾ ಹಾಗಲ್ಲ, ಕಾಯಂ ಬಿಡುತ್ತೇನೆ ಅಂದರು. ನನ್ನ ಕಡೆ ನೋಡಿ ನಕ್ಕು, "ನೀನೇ ಅಂದಿದ್ದೆಲ್ಲೋ, ಮನಸ್ಸು ಮಾಡಿದ್ರ ಬಿಡಬಹುದು ಅಂತ. ಮಾಡೀನಿ ನೋಡು" ಅಂದರು.

ಮರುದಿನ ಮೈ ನಡುಕ, ಬೆವರು, ಊಟ ಸೇರಲಿಲ್ಲ. "ವಿಷ ಹೊರಗ ಹೊಂಟದ, ತಡಕೋ" ಎಂದು ನಾವೇ ಧೈರ್ಯ ಹೇಳಿದೆವು. ಆ ರಾತ್ರಿ ಫಿಟ್ಸ್ ಬಂತು. ಕೈಗೆ ಕಬ್ಬಿಣ ಕೊಟ್ಟೆವು. ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ ಇರುವೆ ಒರೆಸತೊಡಗಿದರು. ತೀರಿಹೋದವರ ಹೆಸರು ಹಿಡಿದು ಕರೆಯುತ್ತಿದ್ದರು. ಹಾಸಿಗೆಯ ಮೇಲೆ ಕೂತು ಬರಿಗೈಯಲ್ಲಿ ಲಾಳಿ ಎಸೆಯುವ ಹಾಗೆ ಆ ಕಡೆ ಈ ಕಡೆ ಕೈ ಆಡಿಸುತ್ತಿದ್ದರು. ಗಾಳಿ ಬಡಿದಿದೆ ಎಂದು ಯಾರೋ ಅಂದರು. ಗುಡಿಯಿಂದ ಅಂಗಾರ ತಂದು ಹಚ್ಚಿದೆವು. ರಾತ್ರಿ ಮೈ ಸುಡತೊಡಗಿದಾಗ ಟೆಂಪೋ ಮಾಡಿಕೊಂಡು ಆಸ್ಪತ್ರೆಗೆ ಹೊರಟೆವು. ದಾರಿಯಲ್ಲೇ ತೀರಿಕೊಂಡರು. ಅವರಿಗಾಗ ನಲವತ್ತೆರಡು ವರ್ಷ.

ಆಸ್ಪತ್ರೆಯ ವೈದ್ಯರು ಒಂದೇ ಪ್ರಶ್ನೆ ಕೇಳಿದರು. "ಕುಡಿಯೋದು ಬಿಟ್ಟು ಎಷ್ಟು ದಿನ ಆಗಿತ್ತು?" ಎಷ್ಟು ಕುಡಿದಿದ್ದರು ಎಂದು ಕೇಳಲಿಲ್ಲ. ಆ ಪ್ರಶ್ನೆಯ ಅರ್ಥ ನನಗೆ ತಿಳಿಯಲು ಕೆಲವು ವರ್ಷ ಹಿಡಿಯಿತು.

ನಾನು ವೈದ್ಯನಲ್ಲ. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಮದ್ಯ ನಮ್ಮ ಮಿದುಳಿಗೆ ಬ್ರೇಕ್ ಇದ್ದ ಹಾಗೆ, ಅದರ ಓಟವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಬ್ರೇಕ್ ಒತ್ತಿ ಹಿಡಿದರೆ, ಗಾಡಿ ಮುಂದೆ ಹೋಗಲಿ ಎಂದು ಮಿದುಳು ತನ್ನ ಆಕ್ಸಲರೇಟರನ್ನು ಹೆಚ್ಚು ಹೆಚ್ಚು ತುಳಿಯುವುದನ್ನು ರೂಢಿಮಾಡಿಕೊಳ್ಳುತ್ತದೆ. ಒಂದು ದಿನ ಫಕ್ಕನೆ ಬ್ರೇಕ್ ತೆಗೆದರೆ ಏನಾಗುತ್ತದೆ? ಗಾಡಿ ಹತೋಟಿ ತಪ್ಪುತ್ತದೆ. ಮೊದಲ ದಿನ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ಜ್ವರ. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಿಗೆ ಪ್ರಾಣಕ್ಕೇ ಅಪಾಯ. ಇದಕ್ಕೆ ಔಷಧ ಇದೆ. ಕೆಲವು ದಿನ ಆಸ್ಪತ್ರೆಯಲ್ಲಿಟ್ಟು, ಮಿದುಳನ್ನು ಶಾಂತಗೊಳಿಸುವ ಮಾತ್ರೆ, ಬಿ-1 ಜೀವಸತ್ವದ ಇಂಜೆಕ್ಷನ್ ಕೊಟ್ಟು, ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾರೆ. ದುಬಾರಿ ಚಿಕಿತ್ಸೆಯೂ ಅಲ್ಲ, ಹೊಸದೂ ಅಲ್ಲ.

ಅಂದರೆ ನಮ್ಮ ಕಾಕಾ ಮನಸ್ಸು ಮಾಡಿದರು. ನನ್ನ ಭಾಷಣದಲ್ಲಿದ್ದ ಹಾಗೇ ಮಾಡಿದರು. ಮನಸ್ಸು ಗಟ್ಟಿ ಇತ್ತು, ದೇಹ ಅದಕ್ಕೆ ಸಿದ್ಧ ಇರಲಿಲ್ಲ. ಅದು ನಮಗೆ ಗೊತ್ತಿರಲಿಲ್ಲ. "ಬಿಡಲಿಲ್ಲ ಅಂದರೆ ಮನಸ್ಸಿಲ್ಲ" ಎಂದು ನಾನು ಇಲ್ಲಿ ನಿಂತು ಹೇಳಿದ್ದು ತಪ್ಪು. ಅದನ್ನು ಇಲ್ಲಿಯೇ ನಿಂತು ವಾಪಸ್ ತೆಗೆದುಕೊಳ್ಳಬೇಕಾಗಿತ್ತು.

ನನ್ನದೇ ಇನ್ನೊಂದು ಮಾತು ಹೇಳಬೇಕು. ಬೆಂಗಳೂರಿಗೆ ಹೋದ ಮೇಲೆ ನಾನು ಸಿಗರೇಟು ಹಿಡಿದೆ. ಮೊದಲ ಸಿಗರೇಟು ಪೂರಾ ನನ್ನ ಆಯ್ಕೆ. ಯಾರೂ ಬಾಯಿಗೆ ಇಡಲಿಲ್ಲ. ಆರು ವರ್ಷ ಸೇದಿದೆ. ಮೂರು ಸಲ ಬಿಟ್ಟೆ, ಮೂರೂ ಸಲ ಮತ್ತೆ ಹಿಡಿದೆ. ಕಾಕಾನನ್ನು ನೋಡಿ ಬೆಳೆದವನು, ಬಿಇ ಓದಿದವನು, ತಿಂಗಳಾದರೆ ಸಂಬಳ ಬರುವವನು, ಎರಡು ಇಂಚಿನ ವಸ್ತುವಿನ ಮುಂದೆ ಸೋತೆ. ನಾಲ್ಕನೆಯ ಸಲ ವೈದ್ಯರ ಹತ್ತಿರ ಹೋದೆ, ನಿಕೋಟಿನ್ ಚ್ಯೂಯಿಂಗ್ ಗಮ್ ಕೊಟ್ಟರು. ಹೆಂಡತಿಗೆ ಎಲ್ಲ ಹೇಳಿದೆ. ಚಹಾಕ್ಕೆ ಹೋಗುವ ಜಾಗ ಬದಲಾಯಿಸಿದೆ. ಆಗ ಬಿಟ್ಟದ್ದು ಇವತ್ತಿನವರೆಗೆ ಉಳಿದಿದೆ. ನಾಲ್ಕನೆಯ ಸಲ ನನ್ನ ಮನಸ್ಸೇನು ಹೆಚ್ಚು ಗಟ್ಟಿಯಾಗಿರಲಿಲ್ಲ. ಆಸರೆ ಹೆಚ್ಚು ಇತ್ತು, ಅಷ್ಟೇ.

ಹಾಗಾದರೆ ಚಟವನ್ನು ರೋಗ ಅನ್ನಬೇಕೋ, ತಪ್ಪು ಅನ್ನಬೇಕೋ? ಈ ವಾದ ಹಳೆಯದು. ಅಮೆರಿಕದ ವೈದ್ಯರ ಸಂಘ 1956ರಲ್ಲೇ ಅತಿಕುಡಿತವನ್ನು ಕಾಯಿಲೆ ಎಂದು ಒಪ್ಪಿಕೊಂಡಿತು. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಕುಡಿತಕ್ಕೆ ದಾಸರಾಗುವ ಅಪಾಯದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಂಶದಿಂದ ಬರುತ್ತದೆ. ಒಂದೇ ಓಣಿಯ ಇಬ್ಬರು ಗೆಳೆಯರು ಒಂದೇ ದಿನ ಶುರುಮಾಡಿದರೂ ಒಬ್ಬ ಹಬ್ಬಕ್ಕೊಮ್ಮೆ ಕುಡಿದು ಸುಮ್ಮನಿರುತ್ತಾನೆ, ಇನ್ನೊಬ್ಬ ಮುಳುಗುತ್ತಾನೆ. ಮುಳುಗುವವನು ತಾನು ಯಾರು ಎಂದು ಮೊದಲ ಗುಟುಕಿನ ಹೊತ್ತಿಗೆ ಬಲ್ಲವನಲ್ಲ.

ಆದರೆ ಬರೀ ರೋಗ ಅಂದರೂ ಪೂರ್ತಿಯಾಗುವುದಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1971ರ ಸುಮಾರಿಗೆ, ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಐವರಲ್ಲಿ ಒಬ್ಬರಷ್ಟು ಜನ ಹೆರಾಯಿನ್‌ನಂಥ ವಸ್ತುಗಳಿಗೆ ದಾಸರಾಗಿದ್ದರು. ಇವರೆಲ್ಲ ಊರಿಗೆ ಬಂದರೆ ಗತಿಯೇನು ಎಂದು ಅಲ್ಲಿನ ಸರ್ಕಾರ ಗಾಬರಿಯಾಯಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರನ್ನು ಹುಡುಕಿ ವಿಚಾರಿಸಿದರು. ಅಲ್ಲಿ ದಾಸರಾಗಿದ್ದವರಲ್ಲಿ, ಮನೆಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ದಾಸರಾದವರು ನೂರಕ್ಕೆ ಐದರಷ್ಟು ಮಾತ್ರ. ಯುದ್ಧ, ಭಯ, ಕೈಗೆಟುಕುವ ಮಾದಕ ವಸ್ತು, ಈ ಎಲ್ಲ ಹಿಂದೆ ಉಳಿದವು. ಮನೆ, ಕೆಲಸ, ನೆಂಟರು ಸಿಕ್ಕರು. ಸುತ್ತಲಿನ ಜಗತ್ತು ಬದಲಾದಾಗ ಬಹಳ ಜನ ಹೊರಬಂದರು.

ಹೀಗಾಗಿ ನನಗೆ ತೋರುವುದಿಷ್ಟು. ಶುರುಮಾಡುವುದರಲ್ಲಿ ಆಯ್ಕೆ ಇದೆ. ನಡುವೆ ಆಯ್ಕೆಯನ್ನೇ ತಿಂದುಹಾಕುವ ಒಂದು ರೋಗವಿದೆ. ಹೊರಬರುವುದಕ್ಕೆ ಮತ್ತೆ ಆಯ್ಕೆ ಬೇಕು, ಆದರೆ ಆ ಆಯ್ಕೆ ಒಬ್ಬನದೇ ಅಲ್ಲ. ಮನೆಯವರದು, ನೆರೆಯವರದು, ಊರಿನದು. ಸಕ್ಕರೆ ಕಾಯಿಲೆಯವನಿಗೆ ನಾವು ಸಿಹಿ ತಿನ್ನಬೇಡ ಎಂದು ಬೈಯುತ್ತೇವೆ, ತಿಂದರೆ ಸಿಟ್ಟಾಗುತ್ತೇವೆ, ಹಾಗಂತ ಮಾತ್ರೆ ಕೊಡುವುದನ್ನು ನಿಲ್ಲಿಸುವುದಿಲ್ಲ. ಕುಡಿಯುವವನ ವಿಷಯದಲ್ಲಿ ಮಾತ್ರ ಬೈಗುಳಕ್ಕೆ ನಿಲ್ಲುತ್ತೇವೆ.

ಇಲ್ಲಿ ಕೂತಿರುವ ತಾಯಂದಿರ ಮನಸ್ಸಿನಲ್ಲಿ ಒಂದು ಪ್ರಶ್ನೆ ಬಂದಿರಬಹುದು. "ರೋಗ ಅಂದ್ರ ಹೊಡತ ತಿಂದು ಸುಮ್ಮನಿರಬೇಕೇನು?" ಖಂಡಿತ ಇಲ್ಲ. ಹೊಡೆಯುವುದು ರೋಗದ ಲಕ್ಷಣ ಅಲ್ಲ, ಅಪರಾಧ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಕುಡಿದವನಿಗೂ ಅನ್ವಯಿಸುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಕಾಕಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ರೋಗ ಅಂತ ಆವತ್ತ ಗೊತ್ತಿದ್ರ ಬೈಯೋದು ಬಿಡ್ತಿದ್ದಿಲ್ಲ ನಾನು. ಆದ್ರ ದವಾಖಾನಿಗಿ ಒಯ್ತಿದ್ದೆ" ಅಂದರು. ಇಷ್ಟು ಹೊತ್ತು ನಾನು ಮಾತಾಡಿದ್ದನ್ನು ಕಾಕಿ ಎರಡೇ ಮಾತಿನಲ್ಲಿ ಹೇಳಿದ್ದರು.

ನಮ್ಮ ಭಾಗದವರಿಗೆ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜೋಳಿಗೆ ಗೊತ್ತು. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಅಕ್ಕಿ ಜೋಳ ಬೇಡ, ನಿಮ್ಮ ಚಟಗಳನ್ನು ಇದರಲ್ಲಿ ಹಾಕಿ ಎಂದು ಬೇಡಿದವರು ಅವರು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಒಂದು ವಿಷಯ. ಚಟ ಬಿಡುವವನು ತಾನೇ ಬಿಡಬೇಕು, ಆದರೆ ಅದನ್ನು ಕೇಳಲು ಸ್ವಾಮಿಗಳೇ ಅವನ ಬಾಗಿಲಿಗೆ ಹೋದರು. ನೀನು ಸರಿಯಾಗಿ ಬಾ, ಆಮೇಲೆ ನೋಡೋಣ ಅನ್ನಲಿಲ್ಲ. ಧರ್ಮಸ್ಥಳದ ಕಡೆಯಿಂದ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲೂ ಊರವರೇ ಸೇರಿ ಕುಡಿಯುವವರನ್ನು ಕರೆತಂದು ಕೂರಿಸುತ್ತಾರೆ. ಈ ಜೋಳಿಗೆಯ ಜೊತೆಗೆ ದವಾಖಾನೆಯೂ ಸೇರಬೇಕು ಎಂಬುದು ನನ್ನ ಬಿನ್ನಹ.

ಯಾಕೆಂದರೆ ದವಾಖಾನೆಯವರೆಗೆ ಹೋಗುವವರು ಬಹಳ ಕಡಿಮೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅದರಲ್ಲಿ 5.7 ಕೋಟಿ ಜನರಿಗೆ ಸಹಾಯ ಬೇಕಾಗಿದೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಲ್ಲಿ ನಮ್ಮ ಕಾಕಾನಂಥವರು ಎಷ್ಟಿದ್ದಾರೋ.

ಅದಕ್ಕಾಗಿ ನಾಲ್ಕು ಮಾತು ನೆನಪಿಡಿ ಎಂದು ಕೈಮುಗಿದು ಕೇಳುತ್ತೇನೆ.

ಒಂದು, ದಿನವೂ ಬೆಳಿಗ್ಗೆಯಿಂದ ಕುಡಿಯುವವರು, ಕೈ ನಡುಗುವವರು, ಯಾರ ಮಾತನ್ನೋ ಕೇಳಿ ಫಕ್ಕನೆ ತಾವೇ ಬಿಡಬಾರದು. ಬಿಡಲೇಬೇಕು, ಆದರೆ ವೈದ್ಯರ ಕೈಯಲ್ಲಿ ಬಿಡಬೇಕು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಬಿಟ್ಟ ಮೇಲೆ ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ, ಅದು ಗಾಳಿಯಲ್ಲ. ಆ ಗಂಟೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ.

ಎರಡು, ಎಲ್ಲಿಗೆ ಹೋಗಬೇಕು ಎಂದು ತಿಳಿಯದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕೇಳಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಫೋನಿನಲ್ಲಿ ಕೇಳುವುದಾದರೆ ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಇವೆರಡಕ್ಕೂ ದುಡ್ಡು ಬೀಳುವುದಿಲ್ಲ. ಗಾಂಜಾ, ಮಾತ್ರೆಗೆ ಬಿದ್ದ ಮಕ್ಕಳ ತಂದೆತಾಯಿ ಪೊಲೀಸರಿಗೆ ಹೆದರಿ ಮುಚ್ಚಿಡುತ್ತಾರೆ. 1985ರ ಮಾದಕ ವಸ್ತುಗಳ ಕಾಯ್ದೆ ಎಷ್ಟೇ ಕಠಿಣವಿದ್ದರೂ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ವಿಚಾರಣೆಯಿಂದ ವಿನಾಯಿತಿ ಕೊಡುವ ಕಲಮು, 64-ಎ, ಅದರಲ್ಲೇ ಇದೆ.

ಮೂರು, ಚಿಕಿತ್ಸೆಯಾಗಿ ಬಂದವನು ಮತ್ತೆ ಕುಡಿದರೆ, "ನಾಯಿ ಬಾಲ ಡೊಂಕು" ಎಂದು ಕೈಬಿಡಬೇಡಿ. ನನ್ನ ಸಿಗರೇಟು ನಾಲ್ಕನೆಯ ಸಲ ಹೋಯಿತು. ಮತ್ತೆ ಕರೆದುಕೊಂಡು ಹೋಗಿ. ಅವನು ಬಿಟ್ಟಿರುವಾಗ ಮದುವೆಯಲ್ಲಿ, ಜಾತ್ರೆಯಲ್ಲಿ "ಒಂದಕ್ಕ ಏನಾಗ್ತದ" ಎಂದು ಗ್ಲಾಸು ಮುಂದೆ ಹಿಡಿಯುವವರು ನಾವೇ. ಅವನ ಹೊಣೆಯ ಬಗ್ಗೆ ಭಾಷಣ ಮಾಡುವ ಮೊದಲು ಆ ಗ್ಲಾಸನ್ನು ಹಿಂದೆ ತೆಗೆದುಕೊಳ್ಳೋಣ.

ನಾಲ್ಕನೆಯದು ತಮ್ಮ ತಂಗಿಯರಿಗೆ. ಮಿದುಳು ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷದ ಹತ್ತಿರ ಆಗಬೇಕು. ಅದಕ್ಕೆ ಮೊದಲು ಶುರುಮಾಡಿದಷ್ಟೂ ದಾಸರಾಗುವ ಅಪಾಯ ಹೆಚ್ಚು. ವೈಟ್ನರ್, ಅಂಟಿನಂಥ ವಸ್ತು ಮೂಸುವುದು ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಎಂದು ನಾನು ಹೇಳಿದ ಅದೇ ವರದಿಯಲ್ಲಿದೆ. ಮೊದಲ ಸಲ ಬೇಡ ಅನ್ನುವ ಶಕ್ತಿ ಪೂರಾ ನಿಮ್ಮ ಕೈಯಲ್ಲಿದೆ. ಹತ್ತನೆಯ ಸಲ, ನೂರನೆಯ ಸಲ ಅಷ್ಟು ಶಕ್ತಿ ಉಳಿಯುತ್ತದೆ ಎಂದು ನಂಬಬೇಡಿ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾಯ್ದೆ ಹೇಳುತ್ತದೆ. ಅದನ್ನು ಜಾರಿಮಾಡಿಸುವುದು ಮಕ್ಕಳ ಕೆಲಸವಲ್ಲ, ಇಲ್ಲಿ ಕೂತಿರುವ ದೊಡ್ಡವರ ಕೆಲಸ.

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಈ ವರ್ಷ ಕಮಾನು ಕಟ್ಟಿಸುತ್ತಿದೆ, ಕಂಪ್ಯೂಟರ್ ಕೊಡಿಸುತ್ತಿದೆ. ಬಹಳ ಸಂತೋಷ. ಅದರ ಜೊತೆಗೆ ಒಂದು ಸಣ್ಣ ನಿಧಿ ಇಡೋಣ ಎಂದು ಕೇಳುತ್ತೇನೆ. ಚಟ ಬಿಡಬೇಕು ಎಂದು ಊರಿನಲ್ಲಿ ಯಾರೇ ಬಾಯಿ ಬಿಟ್ಟರೂ ಅವರನ್ನು ಆಸ್ಪತ್ರೆಗೆ ಒಯ್ಯುವ ಗಾಡಿ ಖರ್ಚು, ಅವರು ಮಲಗಿದ ದಿನಗಳ ಮನೆಯ ರೇಷನ್ ಖರ್ಚು, ತಿರುಗಿ ಬಂದ ಮೇಲೆ ತಿಂಗಳಿಗೊಮ್ಮೆ ವೈದ್ಯರ ಹತ್ತಿರ ಜೊತೆಗೆ ಹೋಗುವ ಒಬ್ಬ ಮನುಷ್ಯ. ಮೊದಲ ವರ್ಷದ ಖರ್ಚು ನನ್ನ ಕಾಕಾನ ಹೆಸರಿನಲ್ಲಿ ನಾನು ಕೊಡುತ್ತೇನೆ. ಜೊತೆಗೆ ಹೋಗುವ ಮನುಷ್ಯನನ್ನು ಮಾತ್ರ ನೀವು ಕೊಡಬೇಕು.

ನನ್ನ ಹಳೆಯ ಭಾಷಣದ ಒಂದು ವಾಕ್ಯವನ್ನು ಅಳಿಸಿದೆ. ಇನ್ನೊಂದನ್ನು ತಿದ್ದಿ ಮುಗಿಸುತ್ತೇನೆ. "ಮನಸ್ಸು ಮಾಡಿದರೆ ಇವತ್ತೇ ಬಿಡಬಹುದು" ಎಂದಿದ್ದೆ. ಅದನ್ನು ಹೀಗೆ ಓದಿಕೊಳ್ಳಿ: ಅವನು ಮನಸ್ಸು ಮಾಡಿದ ದಿನ ನಾವು ಅವನ ಜೊತೆ ದವಾಖಾನೆಗೆ ಹೋದರೆ, ಬಿಡಬಹುದು.

ಆವತ್ತು ಇಲ್ಲಿ ಚಪ್ಪಾಳೆ ತಟ್ಟಿದ ಗುರುಗಳಲ್ಲಿ ಕೆಲವರು ಇವತ್ತೂ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಮಾತಾಡಲು ಕಲಿಸಿದವರು ನೀವು. ಮಾತು ತಪ್ಪಾದಾಗ ತಿದ್ದಿಕೊಳ್ಳಬೇಕು ಎಂದು ಕಲಿಸಿದವರೂ ನೀವೇ.